ಗಿರಿ ಇಳಿಯುವ ಮುಂಚೆ ಬ್ಯಾಟರಿ ಪೂರ್ತಿ ತುಂಬಿಸಬೇಡಿ

ಚಿಕ್ಕಮಗಳೂರಿನ ಗಿರಿ ರಸ್ತೆಯಲ್ಲಿ, ಕೈಮರದಿಂದ ಮೇಲಿರುವ ಕಾಫಿ ತೋಟವೊಂದರಲ್ಲಿ ನಾನು ಡ್ರೈವರ್. ಸಾಹುಕಾರರು ಪ್ಲಗ್-ಇನ್ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲಿನಲ್ಲೂ ಪ್ಲಗ್‌ಗೆ ಹಾಕಿ ತುಂಬಿಸಿದ ಕರೆಂಟಿನಲ್ಲೂ ಓಡುವ ಗಾಡಿ, ತಂದಾಗ ಅದರ ಸ್ವಭಾವ ನನಗೆ ಗೊತ್ತಿರಲಿಲ್ಲ. ಓಡಿಸುತ್ತಾ ಕಲಿತೆ.

ನಮ್ಮ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ಪೆಟ್ರೋಲ್ ಎಂಜಿನ್, ಹಿಂದಿನ ಚಕ್ರಕ್ಕೆ ಕರೆಂಟ್ ಮೋಟರ್. ಎರಡನ್ನೂ ಜೋಡಿಸುವ ಶಾಫ್ಟ್ ನಡುವೆ ಇಲ್ಲ, ಆ ಜಾಗದಲ್ಲಿ ಬ್ಯಾಟರಿ ಕೂತಿದೆ. ಬೇರೆ ಕೆಲವು ಗಾಡಿಗಳಲ್ಲಿ ಮೋಟರ್ ಗೇರ್‌ಬಾಕ್ಸ್ ಜೊತೆಗೇ ಇರುತ್ತದೆ. ಬ್ಯಾಟರಿ 9.2 ಯೂನಿಟ್‌ನದು. ತುಂಬಿದ್ದರೆ ಸುಮಾರು 25 ಕಿ.ಮೀ. ಎಂಜಿನ್ ಸದ್ದೇ ಇಲ್ಲದೆ ಹೋಗಬಹುದು. ಮುಗಿದರೆ ಪೆಟ್ರೋಲ್ ಇದ್ದೇ ಇದೆ.

ಮೊದಲ ತಲೆನೋವು ಚಾರ್ಜಿಂಗ್. ಶೆಡ್‌ನ ಪ್ಲಗ್‌ಗೆ ಹಾಕಿದರೆ ಕೇಬಲ್ ಡಬ್ಬಿಯಲ್ಲಿ ಕೆಂಪು ದೀಪ. ಕಾರೇ ಕೆಟ್ಟಿದೆ ಅಂದುಕೊಂಡೆವು. ಎಲೆಕ್ಟ್ರಿಷಿಯನ್ ಬಂದು ನೋಡಿ, "ಅರ್ತಿಂಗೇ ಇಲ್ವಲ್ಲಣ್ಣ" ಅಂದ. ಶೆಡ್ ಹಿಂದೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸ ಅರ್ತ್ ಕೊಟ್ಟ ಮೇಲೆ ಹಸಿರು ದೀಪ ಬಂತು.

ಮಾರನೇ ದಿನವೇ ಇನ್ನೊಂದು. ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಬೆಳಗ್ಗೆ ಖುಷಿಯಿಂದ ಊರಿಗೆ ಹೊರಟೆ. ಬರೀ ಇಳಿಜಾರು, ತಿರುವಿನ ಮೇಲೆ ತಿರುವು. ಕೈಮರ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅಲ್ಲಿದ್ದ ಜೀಪಿನ ಹುಡುಗ ಓಡಿ ಬಂದು, "ಅಣ್ಣಾ, ಬ್ರೇಕ್ ಕಾದೋಗಿದೆ, ಸ್ವಲ್ಪ ಹೊತ್ತು ಬಿಡಿ" ಅಂದ. ಅರ್ಧ ಗಂಟೆ ಅಲ್ಲೇ ನಿಂತೆ. ಹಿಂದಿನ ಸೀಟಲ್ಲಿ ಮಕ್ಕಳಿದ್ದರೆ ಏನು ಗತಿ ಅಂತ ಎದೆ ಝಲ್ಲೆಂದಿತು.

ಸೈಕಲ್ ಡೈನಮೋ ನೆನಪಿದೆಯಾ? ಚಕ್ರಕ್ಕೆ ತಾಗಿಸಿದ ಕೂಡಲೇ ಪೆಡಲ್ ಭಾರ ಆಗುತ್ತಿತ್ತು. ಇಲ್ಲೂ ಅದೇ. ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಮೋಟರ್ ಡೈನಮೋ ಆಗಿ ಚಕ್ರವನ್ನು ಹಿಡಿಯುತ್ತದೆ, ಕರೆಂಟ್ ಬ್ಯಾಟರಿಗೆ ಹೋಗುತ್ತದೆ. ಆದರೆ ಬ್ಯಾಟರಿಯಲ್ಲಿ ಜಾಗ ಬೇಕಲ್ವಾ? ತುಂಬಿದ್ದರೆ ಮೋಟರ್ ಹಿಡಿತ ಬಿಡುತ್ತದೆ. 2 ಟನ್‌ಗಿಂತ ಜಾಸ್ತಿ ತೂಕದ ಗಾಡಿಯ ಭಾರವೆಲ್ಲ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ.

ಈಗ ಹಾಗೆ ಮಾಡುವುದಿಲ್ಲ. 10 ಆಂಪ್‌ನಲ್ಲಿ ಪೂರ್ತಿ ತುಂಬಲು ಹೆಚ್ಚುಕಮ್ಮಿ 4 ಗಂಟೆ ಬೇಕು. ನಾನು 3 ಗಂಟೆಗೇ ಪ್ಲಗ್ ಕೀಳುತ್ತೇನೆ. ಇಳಿಯುವಾಗ ಗೇರ್ 'ಬಿ'ಯಲ್ಲಿ, ಅಂದರೆ ಕಾಲೆತ್ತಿದಾಗ ಮೋಟರ್ ಇನ್ನೂ ಬಿಗಿಯಾಗಿ ಹಿಡಿಯುವ ಗೇರ್‌ನಲ್ಲಿ. ಬ್ರೇಕ್ ತುಳಿಯುವುದು ತಿರುವಿನಲ್ಲಿ ಮಾತ್ರ. ಕೈಮರ ಬರುವಷ್ಟರಲ್ಲಿ ಬ್ಯಾಟರಿ ಮೀಟರ್ ಒಂದಿಷ್ಟು ಮೇಲೇರಿರುತ್ತದೆ. ಆ ಕರೆಂಟನ್ನು ಊರೊಳಗಿನ ಟ್ರಾಫಿಕ್‌ಗೆ ಬಳಸುತ್ತೇನೆ. ನಿಂತು ನಿಂತು ಹೋಗುವ ಕಡೆ ಪೆಟ್ರೋಲ್ ಸುಮ್ನೆ ಸುಡುವುದು ಯಾಕೆ? ಸಂಜೆ ಗಿರಿ ಹತ್ತುವಾಗ ಎಂಜಿನ್, ಮೋಟರ್ ಎರಡೂ ಸೇರಿ ಎಳೆಯುತ್ತವೆ. ಶೆಡ್ ಮುಟ್ಟುವ ಹೊತ್ತಿಗೆ ಬ್ಯಾಟರಿ ಖಾಲಿ, ಮತ್ತೆ ಪ್ಲಗ್.