ಬಂಗಡೆ ಇಲ್ಲದ ಎರಡು ತಿಂಗಳು

ಹುಬ್ಬಳ್ಳಿಯಲ್ಲಿ ನಮ್ಮದು ಆರು ಟೇಬಲ್ಲಿನ ಖಾನಾವಳಿ. ಮೊದಲು ಮಟನ್, ಕೋಳಿ ಅಷ್ಟೇ ಇತ್ತು. ಮಟನ್ ದರ ಏರಿದಂತೆ ಹಮಾಲರು, ಆಟೋದವರು ಬರೀ ರಸ ಹಾಕಿಸಿಕೊಂಡು ರೊಟ್ಟಿ ಮುಗಿಸತೊಡಗಿದರು. ಅವರ ತಟ್ಟೆಗೂ ಒಂದು ತುಂಡು ಬೀಳಲಿ ಅಂತ ಬಂಗಡೆ ತಂದೆ.

ಬಂಗಡೆ ಕಾರವಾರ, ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟ ಹತ್ತಿ ಬರುತ್ತದೆ. ಐಸ್ ಪೆಟ್ಟಿಗೆ ತೆರೆದರೆ ಎಲ್ಲವೂ ಹೊಳೆಯುತ್ತವೆ. ಆ ಹೊಳಪಿಗೇ ಎರಡು ಸಲ ಮೋಸ ಹೋದೆ. ಈಗ ಕಿವಿರು ಎತ್ತಿ ನೋಡುತ್ತೇನೆ. ಕೆಂಪಗಿದ್ದರೆ ಸೈ, ಕಂದು ತಿರುಗಿದ್ದರೆ ಬೇಡ. ಬೆರಳಿನಿಂದ ಒತ್ತಿದರೆ ಗುಂಡಿ ಉಳಿಯಬಾರದು. ಎಣ್ಣೆಯ ಮೀನು, ಬೇಗ ಕೆಡುತ್ತದೆ.

ಜೂನ್ 1 ಬಂತು, ಪೆಟ್ಟಿಗೆ ಬರುವುದು ನಿಂತಿತು. ಮೀನು ಮೊಟ್ಟೆ ಇಡುವ ಕಾಲ ಅಂತ ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. "ಅಕ್ಕಾರ, ಬಂಗಡಿ ಎಲ್ಲಿ ಹೋತ್ರೀ?" ಅಂತ ದಿನಾ ಕೇಳುವವರೇ.

ಕೊನೆಗೆ ಕೆರೆ ಮೀನಿಗೆ ತಿರುಗಿದೆ. ರೋಹು, ಕಾಟ್ಲಾ. ಸಮುದ್ರದ್ದೇ ಮೀನು ಅನ್ನುವ ಗತ್ತು ನನಗೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಈ ದೇಶದ ಮೀನಿನಲ್ಲಿ ಸುಮಾರು ಮುಕ್ಕಾಲು ಪಾಲು ಕೆರೆ, ಹೊಂಡ, ಹೊಳೆ, ಜಲಾಶಯದ್ದು. ಕಡಲಿಲ್ಲದ ನಮ್ಮಂಥ ಊರಿಗೆ ಅದೇ ಆಸರೆ ಅಲ್ವಾ?

ಮೊದಲ ದಿನ ಬಂಗಡೆಯಂತೆಯೇ ಮಾಡಿದೆ. ಕೆಸರು ವಾಸನೆ. ಮೇಲೆ ಕವಲು ಮುಳ್ಳು. ಒಬ್ಬರು ತಟ್ಟೆಯ ಅಂಚಿಗೆ ಮುಳ್ಳು ಸಾಲಾಗಿ ಇಟ್ಟು, ಏನೂ ಅನ್ನದೆ ಎದ್ದು ಹೋದರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಪೂರ್ತಿ ಕೆರೆದು ತೆಗೆದೆ. ಉಪ್ಪು, ಅರಿಶಿನ, ಹುಣಸೆ ರಸ ಹಚ್ಚಿ ಅರ್ಧ ತಾಸು ಬಿಟ್ಟು ತೊಳೆದೆ. ಬೆನ್ನಿನ ಭಾಗಕ್ಕೆ ಕೂದಲೆಳೆ ಅಂತರದಲ್ಲಿ ಒತ್ತೊತ್ತಾಗಿ ಕಚ್ಚು ಹಾಕಿದೆ, ಚರ್ಮ ಮಾತ್ರ ಕತ್ತರಿಸದಂತೆ. ಸಣ್ಣ ಮುಳ್ಳೆಲ್ಲ ತುಂಡಾಗಿ, ಕಾದ ಎಣ್ಣೆಯಲ್ಲಿ ಗರಿಗರಿಯಾಗುತ್ತದೆ. ಮೇಲೆ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಖಾರ.

ಜುಲೈ ಮುಗಿಯುವಷ್ಟರಲ್ಲಿ ಹಮಾಲರು ರೋಹು ತುಂಡಿಗೆ ಎರಡು ರೊಟ್ಟಿ ಜಾಸ್ತಿ ಕೇಳುತ್ತಿದ್ದರು. ಆಗಸ್ಟಿನಲ್ಲಿ ಬಂಗಡೆ ಬಂತು. ಅದರ ಬೆನ್ನಿಗೇ ಶ್ರಾವಣವೂ ಬಂತು, ಅರ್ಧ ಗಿರಾಕಿ ಮಾಯ!