ಹಾಕಿದಷ್ಟೂ ಸುಡುವ ಕಾರಿನ ಫ್ಯೂಸ್: ದೋಷ ಹುಡುಕುವುದು ಹೇಗೆ?

ಕಾರಿನ ಚಾರ್ಜಿಂಗ್ ಸಾಕೆಟ್ ಕೆಲಸ ಮಾಡುತ್ತಿಲ್ಲ. ನೋಡಿದರೆ ಫ್ಯೂಸ್ ಸುಟ್ಟಿದೆ. ಹೊಸದು ಹಾಕಿದಿರಿ, ಅದೂ ಹೋಯಿತು. ‘15ರ ಬದಲು 30 ಆಂಪಿಯರಿನದು ಹಾಕಿಬಿಡಿ, ಮತ್ತೆ ಸುಡುವುದಿಲ್ಲ’ ಎಂದು ಸಲಹೆ ಕೊಡುವವರು ಆಗ ಯಾರಾದರೂ ಸಿಕ್ಕೇ ಸಿಗುತ್ತಾರೆ. ಮಾತು ನಿಜವೇ. ಫ್ಯೂಸ್ ಉಳಿಯುತ್ತದೆ, ಡ್ಯಾಶ್‌ಬೋರ್ಡಿನ ಒಳಗೆ ವೈರ್ ಸುಡುತ್ತದೆ. ಮನೆಯ ಹಳೆಯ ಪಿಂಗಾಣಿ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದ ಚಾಳಿಯೇ ಇದು. ಫ್ಯೂಸ್ ಎಷ್ಟು ಆಂಪಿಯರಿನದಾಗಿರಬೇಕು ಎಂಬುದನ್ನು ಕಂಪನಿ ವೈರಿನ ದಪ್ಪ ನೋಡಿ ನಿಗದಿ ಮಾಡಿರುತ್ತದೆ. ಅದನ್ನು ಮೀರಬೇಡಿ.

ಆದ್ದರಿಂದ ಮೊದಲ ಹೆಜ್ಜೆ, ಅಲ್ಲಿ ಇರಬೇಕಾದ ಫ್ಯೂಸೇ ಇದೆಯೇ ಎಂದು ನೋಡುವುದು. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಪಟ್ಟಿ ಇರುತ್ತದೆ. ಚಪ್ಪಟೆ ಕಾಲುಗಳ ಬ್ಲೇಡ್ ಫ್ಯೂಸುಗಳಲ್ಲಿ 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಹಿಂದೆ ಯಾರೋ ಸಣ್ಣದು ಹಾಕಿದ್ದರೆ ಸಮಸ್ಯೆ ಇಲ್ಲಿಗೇ ಮುಗಿಯಿತು. ಅದೇ ಫ್ಯೂಸಿನ ಮೇಲೆ ಇನ್ನೂ ಏನೇನು ನಡೆಯುತ್ತದೆ ಎಂಬುದನ್ನೂ ಪಟ್ಟಿಯಲ್ಲಿ ಗುರುತಿಸಿಕೊಳ್ಳಿ.

ಇನ್ನು ಮುಖ್ಯ ಪ್ರಶ್ನೆ: ಫ್ಯೂಸ್ ಸುಡುವುದು ಯಾವಾಗ? ಎಲ್ಲ ಸ್ವಿಚ್ ಆರಿಸಿದ್ದರೂ ಹಾಕಿದೊಡನೆ ಸುಟ್ಟರೆ, ಫ್ಯೂಸಿನಿಂದ ಸ್ವಿಚ್ಚಿನವರೆಗಿನ ವೈರ್ ಎಲ್ಲೋ ಕಾರಿನ ಲೋಹದ ಮೈಗೆ ತಗುಲಿ ಶಾರ್ಟ್ ಆಗಿದೆ ಎಂದು ಶಂಕಿಸಬೇಕು. ಸ್ವಿಚ್ ಒತ್ತಿದಾಗ ಸುಟ್ಟರೆ ಆ ಉಪಕರಣದ ಮೇಲೆ ಅಥವಾ ಅದಕ್ಕೆ ಹೋಗುವ ವೈರಿನ ಮೇಲೆ ಅನುಮಾನ. ಹಂಪ್ ಹಾರಿದಾಗ, ಬಾಗಿಲು ಅಥವಾ ಡಿಕ್ಕಿ ತೆರೆದಾಗ ಸುಟ್ಟರೆ ವೈರ್ ಎಲ್ಲೋ ಉಜ್ಜಿ ಸಿಪ್ಪೆ ಹೋಗಿದೆ. ಹತ್ತಾರು ನಿಮಿಷ ಓಡಿದ ಮೇಲೆ ಸುಟ್ಟರೆ ಹೊರೆ ಹೆಚ್ಚಾಗಿದೆ, ಇಲ್ಲವೇ ಯಾವುದೋ ಮೋಟಾರ್ ಬಿಗಿಯಾಗಿ ತಿರುಗುತ್ತಿದೆ. ಮೆಕ್ಯಾನಿಕ್ ಬಳಿಗೆ ಹೋಗುವುದಾದರೂ ಈ ಉತ್ತರ ಕೈಯಲ್ಲಿರಲಿ, ಅರ್ಧ ದಿನದ ಮಜೂರಿ ಉಳಿಯುತ್ತದೆ.

ಬಿಚ್ಚುವ ಮೊದಲು ಸುಲಭದ ಅನುಮಾನಗಳನ್ನು ಮುಗಿಸಿಕೊಳ್ಳಿ. ಚಾರ್ಜಿಂಗ್ ಸಾಕೆಟ್ ಒಳಗೆ ಟಾರ್ಚ್ ಬಿಡಿ. ಟೋಲ್‌ನಲ್ಲಿ ಕೈಜಾರಿದ ನಾಣ್ಯವೊಂದು ಅಲ್ಲಿ ಬಿದ್ದಿದ್ದರೆ ಅಷ್ಟೇ ಸಾಕು. 12 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ 180 ವ್ಯಾಟ್. ಟೈರಿಗೆ ಗಾಳಿ ತುಂಬುವ ಪಂಪನ್ನೂ ಸಣ್ಣ ವ್ಯಾಕ್ಯೂಮ್ ಕ್ಲೀನರನ್ನೂ ಒಂದೇ ಸಾಕೆಟ್ಟಿಗೆ ಸಿಕ್ಕಿಸಿದರೆ ಅದು ಮುಗಿದಂತೆಯೇ. ಹೆಡ್‌ಲೈಟಿಗೆ 55ರ ಬದಲು 90 ವ್ಯಾಟಿನ ಬಲ್ಬ್ ಹಾಕಿಸಿದವರ ಕಥೆಯೂ ಇದೇ. ಜೋಡಿ ಬಲ್ಬುಗಳಿಗೆ ಸುಮಾರು 9 ಆಂಪಿಯರ್ ಬೇಕಿದ್ದಲ್ಲಿ 15 ಬೇಕಾಗುತ್ತದೆ. ನನ್ನ ಮಟ್ಟಿಗೆ ಮೊದಲ ಆರೋಪಿ ಯಾವಾಗಲೂ ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಹಾರ್ನ್ ಅಥವಾ ಫಾಗ್ ಲೈಟ್. ಅಲ್ಲಿ ವೈರ್ ಕತ್ತರಿಸಿ, ತಿರುಚಿ, ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಬಿಸಿಲಿಗೆ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ಎರಡನೆಯ ಆರೋಪಿ ಇಲಿ. ಕಾರು ಬಹಳ ದಿನ ನಿಂತೇ ಇದ್ದರೆ ಬಾನೆಟ್ ತೆಗೆದು ಹಿಕ್ಕೆ ಇದೆಯೇ ನೋಡಿ. ಒಳಗೆ ಹೊಗೆಸೊಪ್ಪು ಕಟ್ಟಿ ನಿಶ್ಚಿಂತರಾದವರ ಕಾರಿನಲ್ಲೂ ನೋಡುವುದು ಒಳ್ಳೆಯದು.

ಇಷ್ಟಕ್ಕೂ ಸಿಗದಿದ್ದರೆ ಫ್ಯೂಸಿನ ಮೇಲೆ ಫ್ಯೂಸ್ ಸುಡುತ್ತಾ ಕೂರಬೇಡಿ, ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಬ್ರೇಕ್ ಲೈಟಿನ 12 ವೋಲ್ಟ್, 21 ವ್ಯಾಟ್ ಬಲ್ಬ್, ಅದರ ಹೋಲ್ಡರ್, ಎರಡು ತುಂಡು ವೈರ್ ಸಾಕು. ಸುಟ್ಟ ಫ್ಯೂಸಿನ ಎರಡು ಕಾಲುಗಳಿಗೆ ಆ ವೈರುಗಳನ್ನು ಬೆಸುಗೆ ಹಾಕಿದರೆ ಫ್ಯೂಸಿನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಈಗ ಎಷ್ಟೇ ಶಾರ್ಟ್ ಇದ್ದರೂ ಬಲ್ಬಿನ ಮೂಲಕ ಹರಿಯುವುದು ಎರಡು ಆಂಪಿಯರಿಗಿಂತ ಕಡಿಮೆ. ವೈರ್ ಸುಡುವ ಭಯವಿಲ್ಲ, ಹುಡುಕಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಆ ಫ್ಯೂಸಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವುದಾದರೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ಇರಬಹುದು. ಆದರೆ ಫ್ಯಾನ್, ವೈಪರ್‌ಗಳಂಥ ಮೋಟಾರುಗಳು ಸರಿಯಿದ್ದರೂ ಅದು ಹಾಗೆ ಉರಿಯುತ್ತದೆ. ಆದ್ದರಿಂದ ಆ ಫ್ಯೂಸಿಗೆ ಸೇರಿದ ಒಂದೊಂದೇ ಉಪಕರಣದ ಕನೆಕ್ಟರ್ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ ಬಲ್ಬ್ ಆರುತ್ತದೋ ಆ ಉಪಕರಣವನ್ನು ಬೇರೆಯಾಗಿ ಪರೀಕ್ಷಿಸಬೇಕು. ಎಲ್ಲ ಕಳಚಿದರೂ ಉರಿಯುತ್ತಿದ್ದರೆ ದೋಷ ವೈರಿನಲ್ಲೇ ಇದೆ. ಒಬ್ಬರು ಬಲ್ಬ್ ನೋಡುತ್ತಿರಲಿ, ಇನ್ನೊಬ್ಬರು ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸಲಿ: ಬಾಗಿಲಿನ ಸಂದಿಯ ರಬ್ಬರ್ ಕೊಳವೆ, ಡಿಕ್ಕಿಯ ಕೀಲು, ಸೀಟಿನ ಅಡಿ, ಎಂಜಿನ್ನಿನಿಂದ ಒಳಗೆ ಬರುವ ತೂತು. ಬೆಳಕು ಮಿಣುಕಿದ ಕಡೆ ಸಿಪ್ಪೆ ಹೋದ ವೈರ್ ಇರುತ್ತದೆ.

ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳನ್ನು ಮುಟ್ಟಬೇಡಿ. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಎಂಜಿನ್ ಕಂಪ್ಯೂಟರಿನ ಫ್ಯೂಸಿನ ಜಾಗದಲ್ಲಿ ಈ ಬಲ್ಬ್ ಪ್ರಯೋಗವೂ ಬೇಡ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಜೀವ ತೆಗೆಯಬಲ್ಲದು. ಅವೆಲ್ಲ ಸರ್ವಿಸ್ ಸೆಂಟರಿನ ಕೆಲಸ.

ದೋಷ ಸಿಕ್ಕ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಹಾಳಾದ ತುಂಡು ತೆಗೆದು ಅದೇ ದಪ್ಪದ ವೈರ್ ಸೇರಿಸಿ ಬೆಸುಗೆ ಹಾಕಿ. ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿ. ವೈರ್ ಮತ್ತೆ ತಗಡಿಗೆ ಉಜ್ಜದಂತೆ ಕ್ಲಿಪ್ ಹಾಕಿ. ಬ್ಯಾಟರಿ ಜೋಡಿಸಿ ಮತ್ತೊಮ್ಮೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ, ಶಾರ್ಟ್ ಹೋಗಿದ್ದರೆ ಪಟ್ಟಿಯಲ್ಲಿರುವ ಆಂಪಿಯರಿನದೇ ಹೊಸ ಫ್ಯೂಸ್ ಒತ್ತಿ ಕೂರಿಸಿ.