ಮಲಗಿದ್ದ ನಾಯಿ ಇದ್ದಕ್ಕಿದ್ದಂತೆ ತೇಕತೊಡಗಿದರೆ ಏನನ್ನು ನೋಡಬೇಕು?

ನಾಯಿಯ ಮೈಶಾಖ ಇಳಿಯುವುದು ಮುಖ್ಯವಾಗಿ ಬಾಯಿ ಮತ್ತು ನಾಲಿಗೆಯ ತೇವ ಆವಿಯಾಗುವುದರಿಂದ. ಹಾಗಾಗಿ ಓಡಿ ಬಂದ ನಾಯಿ ತೇಕುವುದು ಸಹಜ. ತಂಪಾದ ಜಾಗದಲ್ಲಿ ಸುಮ್ಮನೆ ಮಲಗಿದ್ದ ನಾಯಿ ತೇಕತೊಡಗಿದರೆ ಮಾತ್ರ ನೋವು, ಜ್ವರ, ಭಯ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಇಂಥ ಹೊತ್ತಿನಲ್ಲಿ ಅನೇಕರು ಮೂಗು ಮುಟ್ಟಿ, ಒದ್ದೆಯಾಗಿದೆಯೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಮೂಗಿನ ತೇವದಿಂದ ಜ್ವರವೂ ತಿಳಿಯುವುದಿಲ್ಲ, ಉಸಿರಾಟದ ಸ್ಥಿತಿಯೂ ತಿಳಿಯುವುದಿಲ್ಲ.

ಮೊದಲು ಮೇಲ್ತುಟಿಯನ್ನು ಎತ್ತಿ ಒಸಡು ನೋಡಿ. ಅದು ತಿಳಿಗುಲಾಬಿ ಬಣ್ಣದಲ್ಲಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಸುಮಾರು 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಹುಟ್ಟಿನಿಂದಲೇ ಕಪ್ಪಾಗಿದ್ದರೆ ಕೆಳರೆಪ್ಪೆಯ ಒಳಭಾಗವನ್ನು ನೋಡಬಹುದು. ಬಿಳಿಚಿದ, ನೀಲಿಗಟ್ಟಿದ ಅಥವಾ ಇಟ್ಟಿಗೆಗೆಂಪು ಒಸಡು ಕಂಡರೆ ಮುಂದಿನ ಪರೀಕ್ಷೆಗಳನ್ನೆಲ್ಲ ಬಿಟ್ಟು ಪಶುವೈದ್ಯರಲ್ಲಿಗೆ ಹೊರಡಿ. ಹೊಟ್ಟೆ ಉಬ್ಬಿ, ಏನೂ ಹೊರಬರದೆ ನಾಯಿ ಬರೀ ಓಕರಿಸುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರುವ ಸಂಭವವಿದೆ. ಹಾಲೂಡಿಸುವ ತಾಯಿನಾಯಿ ತೇಕುತ್ತ ನಡುಗಿದರೆ ರಕ್ತದ ಕ್ಯಾಲ್ಸಿಯಂ ಕುಸಿದಿರಬಹುದು. ಇವೆರಡರಲ್ಲೂ ಬೆಳಗಾಗಲೆಂದು ಕಾಯುವಂತಿಲ್ಲ.

ತೇಕಾಟ ಬಿಸಿಲಿನಿಂದ ಬಂದದ್ದಾದರೆ ನಾಯಿಯ ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ ಕರೆದೊಯ್ಯಿರಿ. ಒದ್ದೆ ಟವೆಲ್ ಹೊದಿಸಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ.

ತುರ್ತಿನ ಲಕ್ಷಣಗಳಿಲ್ಲದಿದ್ದರೆ ಉಸಿರು ಎಣಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ತೇಕುವಾಗ ಎಣಿಸಿದ ಸಂಖ್ಯೆಯಿಂದ ಪ್ರಯೋಜನವಿಲ್ಲ. ನಾಯಿ ಬಾಯಿ ಮುಚ್ಚಿ ಗಾಢವಾಗಿ ನಿದ್ರಿಸುವವರೆಗೆ ಕಾದು, ಅದನ್ನು ಮುಟ್ಟದೆ, ಪಕ್ಕೆಲುಬು ಮುಗಿದು ಹೊಟ್ಟೆ ಆರಂಭವಾಗುವ ಕಡೆ ದೃಷ್ಟಿ ನೆಟ್ಟು ಕೂರಬೇಕು. ಎದೆ ಏರಿ ಇಳಿದರೆ ಅದು ಒಂದು ಉಸಿರು. ಏರಿದ್ದನ್ನೂ ಇಳಿದದ್ದನ್ನೂ ಬೇರೆ ಬೇರೆ ಎಣಿಸಿ ದುಪ್ಪಟ್ಟು ಸಂಖ್ಯೆಗೆ ಗಾಬರಿಯಾಗುವವರು ಬಹಳ. ಕನಸಿನಲ್ಲಿ ಕಾಲು ಮಿಸುಕುತ್ತಿದ್ದರೆ ಆ ಎಣಿಕೆಯನ್ನು ಬಿಡಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಸುಲಭದ ದಾರಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಒಂದು ಉಸಿರು ತಪ್ಪಿದರೆ ಲೆಕ್ಕ ನಾಲ್ಕರಷ್ಟು ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ನಿದ್ರೆಯಲ್ಲಿ 30ಕ್ಕಿಂತ ಕಡಿಮೆಯಿರುವುದು ವಾಡಿಕೆ. ಮತ್ತೆ ಮತ್ತೆ ಎಣಿಸಿದರೂ 30 ಮೀರುತ್ತಿದ್ದರೆ, ವಿಶೇಷವಾಗಿ ಹೃದ್ರೋಗವಿರುವ ನಾಯಿಯಲ್ಲಿ, ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ಅಂದೇ ವೈದ್ಯರಿಗೆ ತಿಳಿಸಬೇಕು. ನಾಯಿ ಆರೋಗ್ಯವಾಗಿರುವಾಗಲೇ ಎಣಿಸಿ ಬರೆದಿಟ್ಟುಕೊಂಡವರಿಗೆ ಈ ಏರಿಕೆ ಬೇಗ ಗೊತ್ತಾಗುತ್ತದೆ. ಮನುಷ್ಯರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನಾಯಿಯ ಪಾದಕ್ಕೆ ಹಾಕಿ ಅದರ ಅಂಕಿಯನ್ನು ನಂಬಬೇಡಿ.

ನಾಯಿ ಕುತ್ತಿಗೆ ಚಾಚಿ, ಮುಂಗಾಲುಗಳನ್ನು ಅಗಲಿಸಿ, ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರಾಡುತ್ತ ಮಲಗಲೂ ಒಪ್ಪದಿದ್ದರೆ ಅದು ತೇಕಾಟವಲ್ಲ, ಉಸಿರಿನ ಕಷ್ಟ. ಎಣಿಸುತ್ತ ಕೂರದೆ ಕೂಡಲೇ ಕರೆದೊಯ್ಯಿರಿ.

ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ನಾಯಿ ಔಷಧದಿಂದಲೇ ತೇಕಬಹುದಾದರೂ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನೋವೆಂದು ಊಹಿಸಿ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಕೊಡಲೇಬೇಡಿ. ಇವು ನಾಯಿಗೆ ವಿಷವಾಗಬಲ್ಲವು. ತೇಕಾಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಉಸಿರಿನ ಎಣಿಕೆಯೊಡನೆ ವೈದ್ಯರಿಗೆ ತೋರಿಸಿ, ಏಕೆಂದರೆ ಚಿಕಿತ್ಸಾಲಯದ ಗಾಬರಿಯಲ್ಲಿ ಹೆಚ್ಚಿನ ನಾಯಿಗಳು ಬೇರೆಯೇ ರೀತಿಯಲ್ಲಿ ತೇಕುತ್ತವೆ.